ಓಣಿ ದಾಟಿದ ವಾಟಗ

ಗೋಕಾಕದ ಮಾರ್ಕೆಟ್ಟಿನಲ್ಲಿ ನನ್ನ ಅಬ್ಬಾನ ಕೋಳಿ ಅಂಗಡಿ ಇದೆ. ಅವರು ಕೋಳಿ ಕೊಯ್ದು ಮಾರುತ್ತಾರೆ. ನಾನು ಕೋಳಿಗಳು ಕರುಳಿನ ಬೇನೆಯಿಂದ ಸಾಯದಂತೆ ಲಸಿಕೆ ಮಾಡುವವರ ಜೊತೆ ಕೆಲಸ ಮಾಡುತ್ತೇನೆ. ಒಂದೇ ಮನೆಯೊಳಗೆ ಈ ಎರಡು ಉದ್ಯೋಗ ಹೇಗೆ ಹೊಂದಿಕೊಂಡಿವೆ ಎಂದು ಬಾಜೂ ಅಂಗಡಿಯ ಮಸಾಲೆ ವ್ಯಾಪಾರಿ ವರ್ಷಕ್ಕೊಮ್ಮೆಯಾದರೂ ಕೇಳುತ್ತಾರೆ. ಅಬ್ಬಾನ ಉತ್ತರ ಮಾತ್ರ ಇದುವರೆಗೆ ಬದಲಾಗಿಲ್ಲ.

“ಅಕಿ ಉಳಸ್ತಾಳ್ರಿ, ನಾ ಮಾರ್ತೇನಿ. ಬ್ಯಾನಿ ಬಂದು ಸತ್ತ ಕೋಳಿ ನನ್ನ ಅಂಗಡ್ಯಾಗೂ ನಡಿಯೂದಿಲ್ಲಲ್ಲ.”

ನಮ್ಮ ಮನೆಯಲ್ಲಿ ಉರ್ದು, ಕನ್ನಡ ಎರಡೂ ಒಂದೇ ಮಾತಿನೊಳಗೆ ಬೆರೆತು ಬರುತ್ತವೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮೇಲವಂಕಿಯಲ್ಲಿರುವ ನನ್ನ ಖಾಲಾ, ಅಂದರೆ ಅಮ್ಮನ ತಂಗಿ, ಇದನ್ನು ಓದಿಸಿಕೊಂಡು ಕೇಳಿದರೆ ತಾನು ಇಷ್ಟು ಚೊಕ್ಕವಾಗಿ ಮಾತಾಡುವವಳಲ್ಲ ಎಂದು ತಕರಾರು ತೆಗೆಯುವುದು ಖಚಿತ.

ಕರುಳಿನ ಪಾಠ ನನಗೆ ಶುರುವಾದದ್ದು ಅಬ್ಬಾನ ಅಂಗಡಿಯಲ್ಲೇ. ಶಾಲೆ ಬಿಟ್ಟ ಮೇಲೆ ಅವರಿಗೆ ಊಟದ ಡಬ್ಬಿ ಒಯ್ಯುತ್ತಿದ್ದೆ. ಕೊಯ್ದ ಕೋಳಿಯ ಕರುಳನ್ನು ಬಿಸಾಡುವ ಮೊದಲು ಅವರು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡುತ್ತಿದ್ದರು. ಗುಲಾಬಿ ಬಣ್ಣವಿದ್ದು ಬಿಗಿಯಾಗಿದ್ದರೆ ಸರಿ. ಉಬ್ಬಿ ಕಂದಿ ಹೋಗಿದ್ದರೆ ಇಡೀ ಕೋಳಿಯನ್ನು ಪಕ್ಕಕ್ಕೆ ಇಟ್ಟುಬಿಡುತ್ತಿದ್ದರು, ಗಿರಾಕಿ ಎಷ್ಟೇ ಅವಸರ ಮಾಡಿದರೂ ಕೊಡುತ್ತಿರಲಿಲ್ಲ. ಮುಂದೆ ಪಶುವೈದ್ಯ ಕಾಲೇಜಿನಲ್ಲಿ ಮೇಷ್ಟ್ರು ಅಂಥದೇ ಕರುಳಿನ ಚಿತ್ರ ತೋರಿಸಿ ಇದೇನೆಂದು ಯಾರು ಹೇಳುತ್ತೀರಿ ಎಂದಾಗ ನಾನು ಕೈ ಎತ್ತಿ ಹೇಳಿದೆ. ಎಲ್ಲಿ ಕಲಿತೆ ಎಂದು ಕೇಳಿದರು. ಗೋಕಾಕ ಮಾರ್ಕೆಟ್ಟಿನಲ್ಲಿ ಎಂದೆ. ಇಡೀ ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ಮೊದಲಿನಿಂದಲೂ ದೊಡ್ಡ ಕಾರಣ ಬೇಕಾಗಿಲ್ಲ.

ಈ ಬೇನೆ ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ. ನೀರಿನಲ್ಲೋ ಕಾಳಿನಲ್ಲೋ ಸೇರಿ ಕೋಳಿಯ ಕರುಳಿಗಿಳಿಯುತ್ತದೆ. ಕೋಳಿ ಮೈಯ ಗರಿಯೆಲ್ಲ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂರುತ್ತದೆ, ಹಳದಿ ಹಸಿರಾಗಿ ನೀರುನೀರು ಹಿಕ್ಕೆ ಹಾಕುತ್ತದೆ, ಮೂರನೆಯ ದಿನಕ್ಕೆ ಇರುವುದಿಲ್ಲ. ನಮ್ಮ ಕಡೆ ಕೋಳಿಗೆ ಏನೇ ಆದರೂ ಕೊಕ್ಕರೆ ರೋಗ ಎಂದುಬಿಡುವುದು ರೂಢಿ. ಇದು ಅದಲ್ಲ, ಇದಕ್ಕೆ ಆ ಚುಚ್ಚುಮದ್ದು ನಾಟುವುದಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ನಮ್ಮ ಪ್ರಯೋಗಾಲಯ ಇರುವುದು ಹುಕ್ಕೇರಿಯಲ್ಲಿ. ಅಲ್ಲಿ ನಾವು ಮಾಡುತ್ತಿದ್ದ ಕೆಲಸವನ್ನು ಖಾಲಾಗೆ ಹೀಗೆ ವಿವರಿಸಿದ್ದೆ: ಬೇನೆ ತರುವ ಆ ಬ್ಯಾಕ್ಟೀರಿಯಾವನ್ನೇ ಹಿಡಿದು ಪಳಗಿಸುವುದು. ಅದಕ್ಕೆ ಕರುಳಿನ ದಾರಿ ನೆನಪಿರಬೇಕು, ಕೇಡು ಮಾಡುವುದು ಮಾತ್ರ ಮರೆತಿರಬೇಕು. ಹಾಗೆ ಪಳಗಿದ್ದನ್ನು ಜೀವಂತವಾಗಿಯೇ ಕೋಳಿಗೆ ಕುಡಿಸಿದರೆ ಕರುಳು ಅದರ ಗುರುತು ಹಿಡಿದುಕೊಳ್ಳುತ್ತದೆ, ಮುಂದೆ ಖರೆ ಬೇನೆ ಬಂದಾಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೆಲವು ತಳಿಗಳು ಎಲ್ಲವನ್ನೂ ಮರೆತು ಕೂತವು, ಅವುಗಳಿಂದ ಉಪಯೋಗವಿರಲಿಲ್ಲ. ಕೆಲವು ಏನನ್ನೂ ಮರೆಯಲಿಲ್ಲ. ಸರಿಯಾದದ್ದು ಸಿಗುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು.

ಆ ನಾಲ್ಕು ವರ್ಷ ಪರೀಕ್ಷೆಗೆ ಬೇಕಾದ ಕರುಳುಗಳನ್ನು ಅಬ್ಬಾನ ಅಂಗಡಿಯಿಂದ ಐಸ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಪಕ್ಕದಲ್ಲಿ ಕೂತವರು ಡಬ್ಬಿಯೊಳಗೆ ಏನೆಂದು ಕೇಳದೆ ಬಿಡುತ್ತಿರಲಿಲ್ಲ. ಗೋಕಾಕದ ಸಿಹಿ ಕರದಂಟು ಇರಬಹುದೆಂಬ ಆಸೆ. ಕರುಳು ಎಂದು ಹೇಳಿದ ಮೇಲೆ ಹುಕ್ಕೇರಿಯವರೆಗೆ ಇಡೀ ಸೀಟು ನನ್ನದೇ.

ಪ್ರಯೋಗಾಲಯಕ್ಕೆ ಹಿರಿಯರಾಗಿದ್ದ ಡಾಕ್ಟರು ಮೈಸೂರಿನ ಕಡೆಯವರು. ಮೆಲ್ಲಗೆ ಮಾತಾಡುವವರು, ನಿಯಮದಲ್ಲಿ ಅಪಾರ ನಂಬಿಕೆ. ಊರಿನ ಕೋಳಿಗಳ ಮೇಲೆ ಲಸಿಕೆ ಪರೀಕ್ಷೆ ಮಾಡುವ ಹೊತ್ತು ಬಂದಾಗ ಪಾಲಿಸಬೇಕಾದ ನಿಯಮಗಳನ್ನು ಬರೆಯಲು ನನಗೆ ಹೇಳಿದರು. ನಾನು ನಲವತ್ತು ಬರೆದೆ. ಬ್ಲೀಚಿಂಗ್ ಪುಡಿ ಹಾಕಿದ ನೀರು ಬಳಸಬಾರದು, ಜೀವಂತ ಲಸಿಕೆ ಸಾಯುತ್ತದೆ. ಬಿಸಿಲಲ್ಲಿ ಇಡಬಾರದು. ಬೆಳಗಿನಿಂದ ಕೋಳಿಗೆ ನೀರು ಕೊಡಬಾರದು, ಬಾಯಾರಿದ್ದರೆ ಚೆನ್ನಾಗಿ ಕುಡಿಯುತ್ತವೆ. ನೀರಿಗೆ ನೀಲಿ ಬಣ್ಣ ಬೆರೆಸಬೇಕು, ನಾಲಿಗೆ ನೀಲಿಯಾದ ಕೋಳಿ ಕುಡಿದಿದೆ ಎಂದು ಗೊತ್ತಾಗುತ್ತದೆ. ಡಾಕ್ಟರು ಓದಿ, “ಏನೂ ಬಿಟ್ಟಿಲ್ಲ ಕಣಮ್ಮ” ಎಂದರು. ಆ ಮಾತನ್ನು ನಾನು ಮನೆಗೆ ಬಂದು ಅಬ್ಬಾನಿಗೂ ಒಪ್ಪಿಸಿದೆ, ಅಬ್ಬಾ ಮಾರ್ಕೆಟ್ಟಿಗೆಲ್ಲ ಒಪ್ಪಿಸಿದರು.

ಪರೀಕ್ಷೆಯ ಕ್ರಮ ಸರಳ. ಅರ್ಧ ಮನೆಗಳ ಕೋಳಿಗೆ ಲಸಿಕೆ, ಇನ್ನರ್ಧಕ್ಕೆ ಲಸಿಕೆಯಿಲ್ಲದ ಬರೀ ಪುಡಿ. ಎರಡೂ ನೀಲಿ, ಎರಡೂ ನೋಡಲು ಒಂದೇ. ಒಂದರ ಸೀಸೆಗೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಹಳದಿ. ಲಸಿಕೆ ಯಾವುದರಲ್ಲಿದೆ ಎಂಬುದು ನನಗೂ ಗೊತ್ತಿರಲಿಲ್ಲ. ಅದನ್ನು ಬರೆದ ಲಕೋಟೆಗೆ ಅರಗು ಹಾಕಿ ಡಾಕ್ಟರು ತಮ್ಮ ಡ್ರಾಯರಿನಲ್ಲಿಟ್ಟಿದ್ದರು. ಮಳೆಗಾಲದಲ್ಲಿ ಬೇನೆ ಬಂದಾಗ ಯಾವ ಮುಚ್ಚಳದ ಮನೆಯಲ್ಲಿ ಕೋಳಿ ಉಳಿದವು ಎಂದು ನೋಡಿ, ಆಮೇಲೆ ಲಕೋಟೆ ಒಡೆಯುವುದು.

ನಾಗನೂರಿನಲ್ಲಿ ಒಂದು ಓಣಿ, ಮೇಲವಂಕಿಯಲ್ಲಿ ಒಂದು ಓಣಿ ಆರಿಸಿದೆ. ಮೇಲವಂಕಿಯದು ಖಾಲಾಳ ಓಣಿ. ಎಡಗಡೆಯ ಮನೆಗಳಿಗೆ ಕೆಂಪು, ಬಲಗಡೆಯವಕ್ಕೆ ಹಳದಿ. ಅದೇ ಓಣಿ ಯಾಕೆ ಎಂದು ಆಗ ಯಾರೂ ಕೇಳಲಿಲ್ಲ. ವರದಿಯಲ್ಲಿ ‘ಸಂಚಾರಕ್ಕೆ ಅನುಕೂಲ’ ಎಂದು ಬರೆದೆ. ಖಾಲಾ ಮಾಡುವ ಬಿಸಿ ರೊಟ್ಟಿ ಮತ್ತು ಝುಣಕ ಕೂಡ ಒಂದು ರೀತಿಯ ಅನುಕೂಲವೇ.

ಖಾಲಾಳ ಹತ್ತಿರ ಹದಿನಾಲ್ಕು ಕೋಳಿಗಳಿದ್ದವು. ಆ ಮನೆಯಲ್ಲಿ ಹೊಲ, ಎಮ್ಮೆ, ಟಿವಿ ಎಲ್ಲವೂ ಅವಳ ಗಂಡನ ಮಾತಿನಂತೆ ನಡೆಯುತ್ತವೆ. ಕೋಳಿ ಮಾತ್ರ ಅವಳವು. ಯಾವುದನ್ನು ಕಾವಿಗೆ ಕೂರಿಸಬೇಕು, ಯಾರಿಗೆ ಮೊಟ್ಟೆ ಕೊಡಬೇಕು ಎಂಬುದನ್ನೆಲ್ಲ ಅವಳೇ ತೀರ್ಮಾನಿಸುತ್ತಾಳೆ. ಎರಡು ವರ್ಷದ ಹಿಂದೆ ಇದೇ ಬೇನೆ ಬಂದು ಒಂದೇ ವಾರದಲ್ಲಿ ಅವಳ ಗೂಡು ಖಾಲಿ ಮಾಡಿತ್ತು. ಫೋನ್ ಮಾಡಿ ಅತ್ತಿದ್ದಳು, ಅತ್ತು ಮುಗಿಸಿ ನನ್ನನ್ನು ಬೈದಿದ್ದಳು.

“ನೀ ಹುಕ್ಕೇರ್ಯಾಗ ಕುಂತು ಏನ ಮಾಡಾಕತ್ತಿ? ಇಷ್ಟ ಓದಿ ಒಂದ್ ಕೋಳಿ ಉಳಸಾಕ ಆಗಲಿಲ್ಲ ನಿನಗ.”

ಅವಳ ಎದುರುಮನೆಯಲ್ಲಿ ಇನ್ನೊಬ್ಬ ಹೆಂಗಸು. ನಾನು ಅವರನ್ನು ಚಿಕ್ಕಂದಿನಿಂದ ಕಾಕೂ ಎಂದೇ ಕರೆಯುವುದು. ಖಾಲಾ ಮದುವೆಯಾಗಿ ಬಂದ ವರ್ಷವೇ ಕಾಕೂ ಕೂಡ ಆ ಓಣಿಗೆ ಮದುವೆಯಾಗಿ ಬಂದವರು. ಈದಿಗೆ ಸೇವಯಾ ಆ ಕಡೆ ಹೋಗುತ್ತದೆ, ಯುಗಾದಿಗೆ ಹೋಳಿಗೆ ಈ ಕಡೆ ಬರುತ್ತದೆ. ದಿನಕ್ಕೆರಡು ಸಲ ಜಗಳ, ಮೂರು ಸಲ ಚಹಾ. ಕಾಕೂನ ಮನೆ ಬಲಗಡೆಯದು. ಅಂದರೆ ಖಾಲಾಗೆ ಕೆಂಪು ಮುಚ್ಚಳ, ಕಾಕೂಗೆ ಹಳದಿ.

ಮೂರು ವಾರಕ್ಕೊಮ್ಮೆ, ಒಟ್ಟು ಮೂರು ಸಲ ಕುಡಿಸುವುದಿತ್ತು. ಬೆಳಿಗ್ಗೆ ಹೋಗಿ, ಪ್ರತಿ ಮನೆಯಲ್ಲಿ ಸೀಸೆಯ ಮುಚ್ಚಳ ತೆಗೆದು ನೀರಿಗೆ ಬೆರೆಸಿ, ಆ ನೀರು ತುಂಬಿದ ಮಗ್ಗನ್ನು ಮನೆಯ ಹೆಂಗಸಿನ ಕೈಗೆ ಕೊಟ್ಟು ಮುಂದಿನ ಮನೆಗೆ ಹೋಗುತ್ತಿದ್ದೆ. ಎರಡು ತಾಸು ಬಿಟ್ಟು ಬಂದು ಕೋಳಿಗಳ ನಾಲಿಗೆ ನೋಡುತ್ತಿದ್ದೆ. ಎಲ್ಲವೂ ನೀಲಿ. ಕೋಳಿಗಳು ಓಣಿ ದಾಟಿ ಒಂದಕ್ಕೊಂದು ಬೆರೆಯಬಾರದೆಂದು ಎಲ್ಲ ಮನೆಯ ಅಂಗಳಕ್ಕೂ ಜಾಳಿಗೆ ಕಟ್ಟಿಸಿದ್ದೆ. ಅದು ಇಪ್ಪತ್ತೆರಡನೆಯ ನಿಯಮ. ಆಮೇಲೆ ಖಾಲಾಳ ಮನೆಯಲ್ಲಿ ಊಟ ಮಾಡಿ, ನನ್ನ ಏರ್ಪಾಡಿಗೆ ನಾನೇ ಮೆಚ್ಚಿಕೊಂಡು ಬಸ್ಸು ಹತ್ತುತ್ತಿದ್ದೆ.

ಮಳೆಗಾಲ ಬಂತು, ಬೇನೆಯೂ ಬಂತು. ಕೆಂಪು ಮುಚ್ಚಳದ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕೋಳಿ ಸತ್ತಿತು. ಹಳದಿ ಮುಚ್ಚಳದ ಮನೆಗಳಲ್ಲೂ ಅಲ್ಲೊಂದು ಇಲ್ಲೊಂದೇ. ಡಾಕ್ಟರು ಲಕೋಟೆ ಒಡೆದರು. ಲಸಿಕೆ ಇದ್ದದ್ದು ಕೆಂಪಿನಲ್ಲಿ. ಎರಡು ಕಡೆಯ ಲೆಕ್ಕವನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

“ವ್ಯತ್ಯಾಸವೇ ಇಲ್ವಲ್ಲಮ್ಮ. ಬರೀ ಪುಡಿ ಎಷ್ಟು ಕಾಪಾಡಿದೆಯೋ ನಮ್ಮ ಲಸಿಕೆಯೂ ಅಷ್ಟೇ ಕಾಪಾಡಿದೆ. ಇದನ್ನ ಇಲ್ಲಿಗೆ ನಿಲ್ಲಿಸಬೇಕಾಗುತ್ತೆ.”

ನಿಲ್ಲಿಸುವುದೆಂದರೆ ನನ್ನ ಕೆಲಸವೂ ನಿಂತಂತೆ. ಅದಕ್ಕಿಂತ ಹೆಚ್ಚಾಗಿ, ನಾಲ್ಕು ವರ್ಷ ಪಳಗಿಸಿದ್ದು ಸುಳ್ಳೆಂದಂತೆ. ಗೋಕಾಕಕ್ಕೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತೆ. ಅಬ್ಬಾ ಗಿರಾಕಿಯನ್ನು ಕಳಿಸಿ ಕೈ ತೊಳೆದುಕೊಂಡು ಬಂದು ಕೇಳಿದರು. ಹೇಳಿದೆ. ಸಮಾಧಾನ ಮಾಡುತ್ತಾರೆಂದು ಕಾದರೆ, ಅವರಿಗೆ ಬೇರೆಯೇ ಯೋಚನೆ.

“ಮೇಲವಂಕಿ ಕೋಳಿ ನನ್ನ ಹಂತ್ಯಾಕ ಬರ್ತಾವ. ಮೊನ್ನಿ ಸಂತಿಗೆ ಬಾಜೂ ಓಣ್ಯಾವ್ರು ಒಂದೂ ತರಲಿಲ್ಲ. ಎಲ್ಲಾ ಸತ್ತಾವಂತ. ನಿಮ್ಮ ಓಣ್ಯಾಗ ಮಾತ್ರ ಎರಡೂ ಕಡೆ ಉಳದಾವ. ಬರೇ ನೀರ ಕುಡುದು ಉಳದಾವೇನು?”

ಪಕ್ಕದ ಓಣಿಯತ್ತ ನಾನು ತಿರುಗಿ ನೋಡಿರಲೇ ಇಲ್ಲ. ಅದು ನಲವತ್ತು ನಿಯಮಗಳಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಮೇಲವಂಕಿಗೆ ಹೋದೆ. ಖಾಲಾ ಹಿತ್ತಲಲ್ಲಿ ಕೋಳಿಗೆ ಜೋಳ ಹಾಕುತ್ತಿದ್ದಳು. ಗೂಡಿನ ಪಕ್ಕದ ಕಲ್ಲಿನ ಮೇಲೆ ಒಂದು ವಾಟಗ ಕವುಚಿತ್ತು, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಸ್ಟೀಲಿನ ಬಟ್ಟಲು. ಎತ್ತಿ ನೋಡಿದರೆ ಅಂಚಿನ ಒಳಗಡೆ ನೀಲಿ ಗೆರೆ. ಹೊರಗಡೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದ ಹೆಸರು ಕಾಕೂನ ಗಂಡನದು.

“ಖಾಲಾ, ಇದು ಕಾಕೂನ ವಾಟಗ ಅಲ್ಲೇನು? ಇದರಾಗ ನೀಲಿ ಹೆಂಗ ಬಂತು?”

“ಅಕಿ ಔಷಧ ಹಾಕಿ ಕೊಟ್ಟಿದ್ಲು,” ಎಂದಳು ಖಾಲಾ, ಜೋಳ ಹಾಕುತ್ತಲೇ.

“ಯಾಕ ಕೊಟ್ಲು?”

“ಮೊದಲ ನಾ ಕೊಟ್ಟಿದ್ದೆ, ಅದಕ್ಕ. ನಮ್ಮ ಮಗ್ಗಿನಾಗ ಉಳದಿತ್ತು. ಅಕಿ ವಾಟಗ ನಮ್ಮ ಮನ್ಯಾಗ ಇತ್ತು, ಖಾಲಿ ಹೆಂಗ ತಿರುಗಿ ಕೊಡೂದು? ಅದರಾಗ ಹಾಕಿ ಕೊಟ್ಟೆ. ಅಕೀನೂ ಸುಮ್ನ ಇಟ್ಗೋತಾಳೇನು? ಅದ ವಾಟಗದಾಗ ತನ್ನ ಔಷಧ ಹಾಕಿ ತಂದು ಕೊಟ್ಲು.”

“ಮೂರೂ ಸಲ?”

“ಮೂರೂ ಸಲ. ನೀ ಆ ಕಡೆ ಮನಿಗೆ ಹೋದ ಕೂಡ್ಲೆ.”

ನಾನು ಆ ಕಲ್ಲಿನ ಮೇಲೆಯೇ ಕೂತುಬಿಟ್ಟೆ. ಒಂದು ಸೀಸೆ ಐವತ್ತು ಕೋಳಿಗೆ ಸಾಲುತ್ತದೆ. ಹದಿನಾಲ್ಕು ಕೋಳಿಯ ಮನೆಯಲ್ಲಿ ಉಳಿದದ್ದು ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಬೇರೆ ಊರಿನವರಾದರೆ ಅದು ಕ್ಷಮಿಸಬಹುದಾದ ತಪ್ಪು. ನಾನು ಇದೇ ಖಾಲಾಳ ಕೈಯಲ್ಲಿ ಬೆಳೆದವಳು. ಪಕ್ಕದ ಮನೆಯಿಂದ ಬಂದ ಪಾತ್ರೆ ಖಾಲಿಯಾಗಿ ಹಿಂದೆ ಹೋಗಬಾರದು ಎಂದು ಎಷ್ಟು ಸಲ ಇವಳ ಹತ್ತಿರ ಬೈಸಿಕೊಂಡಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಹರಳು ಸಕ್ಕರೆಯನ್ನಾದರೂ ಹಾಕಬೇಕು. ಕೋಳಿ ಓಣಿ ದಾಟದಂತೆ ಜಾಳಿಗೆ ಕಟ್ಟಿಸಿದ ನಾನು ವಾಟಗಕ್ಕೆ ಏನೂ ಕಟ್ಟಿರಲಿಲ್ಲ.

ಸಿಟ್ಟು ಬಂತು. ಖಾಲಾಳ ಮೇಲೆ ಕೂಗಾಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಒಂದು ಕಡೆಗೆ ಔಷಧ, ಒಂದು ಕಡೆಗೆ ಇಲ್ಲ, ಹಾಗಿದ್ದರೆ ಮಾತ್ರ ಗೊತ್ತಾಗುತ್ತದೆ ಎಂದು ಹೇಳಿರಲಿಲ್ಲವೇ ಎಂದು ಕೇಳಿದೆ. ಖಾಲಾ ಜೋಳದ ಮೊರವನ್ನು ಕೆಳಗಿಟ್ಟಳು.

“ಹೇಳಿದ್ದಿ. ಹೇಳಿದ್ದಕ್ಕ ಕೊಟ್ಟೆ. ನನ್ನ ಕೋಳಿ ಉಳದು ಅಕಿ ಕೋಳಿ ಸತ್ರ ಮುಂಜಾನೆದ್ದು ಅಕಿ ಮಾರಿ ಹೆಂಗ ನೋಡ್ಲಿ? ನೀ ಅಂತೂ ಊಟ ಮಾಡಿ ಬಸ್ ಹತ್ತಿ ಹೋಗ್ತಿ. ನಾವ್ ಇಲ್ಲೇ ಇರಾವ್ರು.”

ನಾನು ಆ ವಾಟಗವನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಆ ದಿನ ಎಲ್ಲ ಮನೆಗೂ ಹೋಗಿ ವಿಚಾರಿಸಿದೆ. ಎಲ್ಲರೂ ಒಪ್ಪಿಕೊಂಡರು. ಒಪ್ಪಿಕೊಂಡರು ಎನ್ನುವುದಕ್ಕಿಂತ ಹೆಮ್ಮೆಯಿಂದ ಹೇಳಿಕೊಂಡರು ಎನ್ನಬೇಕು. ನಾಗನೂರಿನಲ್ಲಿಯೂ ಅದೇ ಕಥೆ. ಅಲ್ಲಿ ಒಬ್ಬ ಅಜ್ಜಿ, ತಾನು ಕೆಂಪು ಮತ್ತು ಹಳದಿ ಎರಡನ್ನೂ ಬೆರೆಸಿ ಕುಡಿಸಿದ್ದರಿಂದ ತನ್ನ ಕೋಳಿಗಳು ಹೆಚ್ಚು ಗಟ್ಟಿಯಾಗಿವೆ ಎಂದು ನನಗೇ ಸಲಹೆ ಕೊಟ್ಟಳು.

ಹುಕ್ಕೇರಿಗೆ ಹೋಗಿ ಡಾಕ್ಟರ ಮೇಜಿನ ಮೇಲೆ ಆ ವಾಟಗವನ್ನಿಟ್ಟು ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ವಾಟಗವನ್ನು ತಿರುಗಿಸಿ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು.

“ಎದುರುಬದುರು ಮನೆಗಳನ್ನ ಯಾಕಮ್ಮ ಆರಿಸಿದ್ರಿ?”

“ಖಾಲಾನ ಮನೆಯಲ್ಲಿ ಊಟ ಚೆನ್ನಾಗಿರುತ್ತೆ ಸರ್.”

ಇಷ್ಟು ವರ್ಷದಲ್ಲಿ ನಾನು ಅವರಿಗೆ ಕೊಟ್ಟ ಅತ್ಯಂತ ಪ್ರಾಮಾಣಿಕ ಉತ್ತರ ಅದೇ ಇರಬೇಕು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಂದು ವರ್ಷ ನೋಡೋಣ ಎಂದರು. ಈ ಸಲ ಓಣಿ ಬೇಡ. ಹೋದ ಸಲದ ಲಸಿಕೆಯ ಬಲ ವರ್ಷದೊಳಗೆ ಇಳಿದುಹೋಗುತ್ತದೆ, ಹಾಗಾಗಿ ಅದೇ ಊರಾದರೂ ಅಡ್ಡಿಯಿಲ್ಲ. ಇಡೀ ಮೇಲವಂಕಿಗೆ ಒಂದು ಮುಚ್ಚಳ, ಇಡೀ ಮಸಗುಪ್ಪಿಗೆ ಇನ್ನೊಂದು. ಊರಿನೊಳಗೆ ಎಷ್ಟು ವಾಟಗ ಓಡಾಡಿದರೂ ತೊಂದರೆಯಿಲ್ಲ. ಬರೀ ಪುಡಿ ಯಾವ ಊರಿಗೆ ಹೋಗಿದೆಯೋ ಆ ಊರಿಗೆ, ಲಕೋಟೆ ಒಡೆದ ಕೂಡಲೆ ನಿಜವಾದ ಲಸಿಕೆ ಕೊಡುವುದು. ನಡುವೆ ಬೇನೆ ಬಿದ್ದ ಕೋಳಿಗೆ ಔಷಧವೂ ಇತ್ತು. ಆದರೆ ಈ ಬೇನೆಯಲ್ಲಿ ನಮಗೆ ಗೊತ್ತಾಗುವ ಹೊತ್ತಿಗೆ ಕೋಳಿ ಅರ್ಧ ದಾರಿ ಹೋಗಿಯೇ ಇರುತ್ತದೆ.

ಮೇಲವಂಕಿಯ ಹೆಂಗಸರನ್ನು ಒಪ್ಪಿಸುವುದಕ್ಕೆ ಖಾಲಾಳ ಕಾಲು ಹಿಡಿಯಬೇಕಾಯಿತು. ಅವಳು ಎಲ್ಲವನ್ನೂ ಕೇಳಿ, ಮತ್ತೊಮ್ಮೆ ಹೇಳಿಸಿ ಕೇಳಿದಳು.

“ಇಡೀ ಊರಿಗೆ ಒಂದ ಥರಾ ಅಂದ್ರ ಅಡ್ಡಿಲ್ಲ. ಸತ್ರ ಎಲ್ಲಾರ್ವೂ ಸಾಯ್ತಾವ, ಉಳದ್ರ ಎಲ್ಲಾರ್ವೂ ಉಳೀತಾವ. ಮಾರಿ ನೋಡಾಕ ತ್ರಾಸ ಆಗೂದಿಲ್ಲ.”

“ಬ್ಯಾರೆ ಊರಿಂದ ಏನೂ ತಗೋಬಾರದು, ಏನೂ ಕೊಡಬಾರದು.”

“ಆತು. ಊರಾಗ ನಾ ಹೇಳ್ತೇನಿ. ನೀ ಹೇಳಿದ್ರ ಯಾರ ಕೇಳ್ತಾರ?”

ಬೇಸಿಗೆಯಲ್ಲಿ ಮೂರು ಸಲ ಕುಡಿಸಿದೆವು. ಮೇಲವಂಕಿಗೆ ಹಳದಿ, ಮಸಗುಪ್ಪಿಗೆ ಕೆಂಪು. ಡಾಕ್ಟರು ಹೊಸ ಲಕೋಟೆ ಮಾಡಿದ್ದರು, ಹಳೆಯ ಬಣ್ಣಕ್ಕೂ ಹೊಸದಕ್ಕೂ ಸಂಬಂಧವಿಲ್ಲ. ನಾನು ಊಟದ ಡಬ್ಬಿಯನ್ನು ಗೋಕಾಕದಿಂದಲೇ ಕಟ್ಟಿಕೊಂಡು ಹೋಗುತ್ತಿದ್ದೆ. ಖಾಲಾಗೆ ಅದೊಂದು ಅವಮಾನವೆನಿಸಿ ಎರಡು ದಿನ ಮಾತು ಬಿಟ್ಟಿದ್ದಳು.

ಮಳೆ ಹಿಡಿದ ಮೇಲೆ ಅವಳ ಫೋನ್ ಶುರುವಾಯಿತು. “ಒಂದ್ ಹೋತು” ಎಂದಳು ಮೊದಲ ದಿನ. ಮರುದಿನ, “ಎರಡ್ ಹೋದವು, ಕಾಕೂದು ನಾಕು.” ಬೈಯಲಿಲ್ಲ, ಏನೂ ಕೇಳಲಿಲ್ಲ, ಎಣಿಸಿ ಹೇಳಿ ಇಟ್ಟುಬಿಡುತ್ತಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಮಸಗುಪ್ಪಿಗೆ ಹೋದರೆ ಕೋಳಿಗಳು ತಿಪ್ಪೆ ಕೆದರುತ್ತ ಓಡಾಡಿಕೊಂಡಿದ್ದವು. ಲಕೋಟೆ ಒಡೆಯುವ ಮೊದಲೇ ನನಗೆ ಉತ್ತರ ಗೊತ್ತಾಗಿತ್ತು. ಇಷ್ಟು ವರ್ಷ ಕಾದಿದ್ದ ಉತ್ತರ. ಲಕೋಟೆ ಒಡೆದಾಗ ಲಸಿಕೆ ಇದ್ದದ್ದು ಈ ಸಲವೂ ಕೆಂಪಿನಲ್ಲೇ; ಆ ದಿನ ಹುಕ್ಕೇರಿಯಲ್ಲಿ ಎಲ್ಲರೂ ಪೇಢೆ ತಿಂದರು, ನಾನೂ ತಿಂದೆ.

ಮಾರನೆಯ ದಿನ ಕೆಂಪು ಮುಚ್ಚಳದ ಸೀಸೆಗಳನ್ನು ಐಸ್ ಡಬ್ಬಿಯಲ್ಲಿ ತುಂಬಿಕೊಂಡು ಮೇಲವಂಕಿಗೆ ಹೋದೆ. ಖಾಲಾಳ ಹಿತ್ತಲಲ್ಲಿ ಮೂರು ಕೋಳಿ ಉಳಿದಿದ್ದವು. ಅವಳ ಪ್ರೀತಿಯ ಚುಕ್ಕಿ ಕೋಳಿ ಇರಲಿಲ್ಲ. ಲಸಿಕೆ ಕೆಲಸ ಮಾಡುತ್ತದೆ, ನಿಮ್ಮೂರಿಗೆ ಬಂದದ್ದು ಬರೀ ಪುಡಿ ಎಂದು ಹೇಳಿದೆ. ಅವಳು ತಲೆಯಾಡಿಸಿ, ಉಳಿದ ಮೂರಕ್ಕೆ ನೀಲಿ ನೀರಿಟ್ಟು, ಒಳಗೆ ಚಹಾ ಮಾಡಲು ಹೋದಳು.

ಕಾಕೂ ಕಟ್ಟೆಯ ಮೇಲೆ ಕೂತಿದ್ದರು. ಖಾಲಾ ಒಳಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ನನ್ನ ಕಡೆ ಬಾಗಿದರು.

“ಇಕಿ ನಿನಗ ಹೇಳಿಲ್ಲ ನೋಡು. ನನ್ನ ತಂಗೀನ ಮಸಗುಪ್ಪಿಗೆ ಕೊಟ್ಟೈತಿ. ಬ್ಯಾಸಗ್ಯಾಗ ನೀವು ಅಲ್ಲಿ ಕುಡಿಸಿದ್ರಲ್ಲ, ಆಗ ಅಕಿ ಒಂದ್ ಡಬ್ಬಿ ತುಂಬ ಔಷಧ ಬಸ್ಸಿನ್ಯಾಗ ಕಳಿಸಿದ್ಲು. ನಿಮ್ದೂ ನಮ್ದೂ ಎರಡೂ ಕುಡಸ್ರಿ, ಯಾವ್ದರೆ ಒಂದ್ ಹತ್ತತೈತಿ ಅಂತ.”

“ಕುಡಿಸಿದ್ರ್ಯಾ?”

“ನಾ ಕುಡಸೂನು ಅಂದೆ. ಇಕಿ ಡಬ್ಬಿ ಕಸಗೊಂಡು ಬೇವಿನ ಗಿಡದ ಬುಡಕ್ಕ ಚೆಲ್ಲಿದ್ಲು. ತೊಳದು ಖಾಲಿ ಡಬ್ಬಿ ತಿರುಗಿ ಕಳಿಸಿದ್ಲು. ಅದರಾಗ ಒಂದ್ ಚೂರ ಬೆಲ್ಲಾರೆ ಹಾಕು ಅಂದೆ. ಕೊಡಬಾರದು ತಗೋಬಾರದು ಅಂತ ನಮ್ಮ ಹುಡಿಗಿಗೆ ಮಾತ ಕೊಟ್ಟೇನಿ ಅಂದ್ಲು. ನನ್ನ ತಂಗಿ ಇನ್ನೂ ಮಾರಿ ಉಬ್ಬಿಸಿಕೊಂಡಾಳ. ಖಾಲಿ ಡಬ್ಬಿ ಕಳಿಸ್ಯಾರಂತ.”

ಬೇಸಿಗೆಯ ಮಧ್ಯಾಹ್ನ ಬಸ್ಸಿನಲ್ಲಿ ಬಂದ ಆ ಡಬ್ಬಿಯೊಳಗೆ ಜೀವಂತ ಲಸಿಕೆ ಏನೂ ಉಳಿದಿರಲಾರದು. ಕುಡಿಸಿದ್ದರೂ ಚುಕ್ಕಿ ಕೋಳಿ ಉಳಿಯುತ್ತಿರಲಿಲ್ಲ. ಅದು ನನಗೆ ಗೊತ್ತು, ಖಾಲಾಗೆ ಗೊತ್ತಿರಲಿಲ್ಲ. ತನ್ನ ಕೋಳಿಗಳ ಜೀವವನ್ನೇ ಚೆಲ್ಲುತ್ತಿದ್ದೇನೆ ಎಂದುಕೊಂಡೇ ಅವಳು ಅದನ್ನು ಚೆಲ್ಲಿದ್ದಳು. ಖಾಲಿ ಪಾತ್ರೆಯನ್ನು ಎಂದೂ ಯಾರಿಗೂ ಕೊಟ್ಟವಳಲ್ಲ, ನನ್ನ ಒಂದು ಮಾತಿಗಾಗಿ ಕೊಟ್ಟಳು. ನನಗೆ ಅಳು ಬಂತು. ಕಾಕೂ ನೋಡಿಯೂ ನೋಡದವರಂತೆ ಆ ಕಡೆ ತಿರುಗಿದರು, ಮತ್ತೆ ತಿರುಗಿ ನೋಡಿದರು.

ಚಹಾ ತಂದ ಖಾಲಾ ನಮ್ಮಿಬ್ಬರ ಮುಖ ನೋಡಿ ಎಲ್ಲವನ್ನೂ ಅರ್ಥ ಮಾಡಿಕೊಂಡಳು. ಕಾಕೂನನ್ನು ಬಾಯಿಬಡಕಿ ಎಂದು ಬೈದಳು. ಆಮೇಲೆ ಒಳಗಿನಿಂದ ಒಂದು ಡಬ್ಬಿ ತಂದಳು. ಉಳಿದ ಮೂರು ಕೋಳಿಗಳ ಐದು ಮೊಟ್ಟೆಗಳನ್ನು ಜೋಳದ ಹಿಟ್ಟಿನಲ್ಲಿ ಹುದುಗಿಸಿಟ್ಟಿದ್ದಳು.

“ಈಗ ಕೊಡಾಕ ಬರ್ತೈತಲ್ಲ? ನಿನ್ನ ಲಕೋಟಿ ಒಡದೈತಲ್ಲ?”

“ಬರ್ತೈತಿ.”

“ಹಂಗಾರ ಮಸಗುಪ್ಪಿಗೆ ಹೋದಾಗ ಅಕಿಗೆ ಕೊಡು. ತಡ ಆತು, ಬ್ಯಾಸರಾಗಬ್ಯಾಡ ಅಂತ ಹೇಳು.”

ಎರಡು ದಿನ ಬಿಟ್ಟು ಮಸಗುಪ್ಪಿಗೆ ಹೋದೆ. ಕಾಕೂನ ತಂಗಿ ಮೊದಲು ಒಳಗೆ ಕರೆಯಲಿಲ್ಲ. ಡಬ್ಬಿ ಕೊಟ್ಟು, ಅಂದು ಖಾಲಿ ಬಂದದ್ದು ಯಾಕೆ ಎಂದು ಹೇಳಿದೆ. ಮೇಲವಂಕಿಯಲ್ಲಿ ಎಷ್ಟು ಕೋಳಿ ಸತ್ತವು ಎಂಬುದನ್ನೂ ಹೇಳಿದೆ. ಆಕೆ ಮೊಟ್ಟೆಗಳನ್ನು ಒಂದೊಂದಾಗಿ ಹಿಟ್ಟಿನಿಂದ ತೆಗೆದಿಟ್ಟಳು. ಮುಗಿದ ಮೇಲೆ ಡಬ್ಬಿಯ ಒಳಗೆ ನೋಡಿದಳು, ಅಂಗಳದಲ್ಲಿ ಓಡಾಡುತ್ತಿದ್ದ ತನ್ನ ಕೋಳಿಗಳನ್ನು ನೋಡಿದಳು.

“ಇದು ಸಣ್ಣದಾತು,” ಎಂದಳು.

ಎದ್ದು ಹೋಗಿ ಒಂದು ಬಿದಿರಿನ ಬುಟ್ಟಿ ತಂದಳು. ಮರಿಗಳಿದ್ದ ಒಂದು ಹೇಂಟೆಯನ್ನು ಅದರೊಳಗೆ ಕೂರಿಸಿ, ಏಳು ಮರಿಗಳನ್ನು ಅದರ ರೆಕ್ಕೆಯಡಿ ತುರುಕಿ, ಮೇಲೆ ಹಳೆಯ ಸೀರೆಯ ತುಂಡು ಕಟ್ಟಿದಳು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು ಯಾರಿಗೆ ಎಂದು ವಿಚಾರಿಸಿದಳು. ಕೇಳಿ ತಿಳಿದುಕೊಂಡು ಹೋದವಳು, ಕಾಲು ಕಟ್ಟಿದ ಇನ್ನೊಂದು ಹೇಂಟೆಯನ್ನು ತಂದು ನನ್ನ ಕೈಗೆ ಕೊಟ್ಟು, ಇದು ಎದುರುಮನೆಯಾಕೆಗೆ ಎಂದಳು. ಬಸ್ಸಿನಲ್ಲಿ ಕಂಡಕ್ಟರು ಎರಡು ಹೇಂಟೆಗೂ ಟಿಕೆಟ್ ಹರಿದು ಮರಿಗಳ ವಿಷಯದಲ್ಲಿ ಬಹಳ ಯೋಚಿಸಿ ಬಿಟ್ಟುಕೊಟ್ಟರು. ನನ್ನ ಪಕ್ಕದ ಸೀಟು ಅವತ್ತೂ ಖಾಲಿಯೇ ಇತ್ತು.

ಮೇಲವಂಕಿಯಲ್ಲಿ ಖಾಲಾ ಸೀರೆಯ ತುಂಡನ್ನು ಬಿಚ್ಚಿದಳು. ಮರಿಗಳು ಒಂದೊಂದಾಗಿ ಹೊರಗೆ ಬಂದವು. ಅವಳು ಹೇಂಟೆಯನ್ನು ಎತ್ತಿ, ಅದರ ಬಾಯಿ ಬಿಡಿಸಿ ನಾಲಿಗೆ ನೋಡಿದಳು. ಬೇಸಿಗೆಯ ನೀಲಿ ಎಂದೋ ಹೋಗಿತ್ತು, ಆದರೂ ನೋಡಿದಳು. ಎದುರುಮನೆಯ ಕಡೆ ತಿರುಗಿ ಕಾಕೂನನ್ನು ಕೂಗಿದಳು, ನಿನಗೂ ಒಂದು ಬಂದೈತಿ ಬಾ ಎಂದು. ಆಮೇಲೆ ಬರಿದಾದ ಬುಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತಳು.

“ಬುಟ್ಟಿ ಅಕೀದ ಏನು?”

“ಹೌದು.”

“ತಿರುಗಿ ಕೊಡಬೇಕಲ್ಲ,” ಎಂದು ಹೇಳಿ, ಒಳಗೆ ಹೋಗಿ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡತೊಡಗಿದಳು.